ಹಸಿ ಮರಕ್ಕೆ ಅರಗು ಹಿಡಿಯೋಲ್ಲ

ನಮ್ಮ ಕಡೆ ಹೆತ್ತ ಹೊಸದರಲ್ಲಿ ಹೆಂಗಸನ್ನು ‘ಹಸಿ ಬಾಣಂತಿ’ ಎನ್ನುತ್ತಾರೆ. ಹಸಿ ಬಾಣಂತಿ ತಣ್ಣೀರು ಮುಟ್ಟಬಾರದು, ಗಾಳಿಗೆ ನಿಲ್ಲಬಾರದು, ಕಣ್ಣೀರು ಹಾಕಬಾರದು. ನಾನು ಬಾಣಂತಿಯಾಗುವ ಹೊತ್ತಿಗೆ ಚನ್ನಪಟ್ಟಣದ ಒಂದು ಪುಟ್ಟ ಗೊಂಬೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದಿದ್ದ ನನಗೆ ‘ಹಸಿ’ ಎಂಬ ಮಾತಿಗೆ ಇನ್ನೊಂದು ಅರ್ಥವೂ ಗೊತ್ತಿತ್ತು. ನಮ್ಮ ಗೊಂಬೆಗಳಿಗೆ ಬಳಸುವುದು ಆಲೆ ಮರ. ಕಡಿದರೆ ಹಾಲಿನಂಥ ಸೊನೆ ಸುರಿಯುತ್ತದೆ, ಅದಕ್ಕೇ ಕೆಲವರು ಹಾಲೆ ಮರ ಎನ್ನುತ್ತಾರೆ. ತಂದ ಮರವನ್ನು ಕೂಡಲೇ ಲೇತಿಗೆ ಹಾಕುವಂತಿಲ್ಲ. ಎರಡು ಮೂರು ತಿಂಗಳು ಒಣಗಬೇಕು. ಆಮೇಲೆ ಲೇತಿನ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಕೊನೆಗೆ ತಾಳೆಗರಿ ಹಿಡಿದು ತಿಕ್ಕಿದರೆ ಹೊಳಪು. ಆತುರಪಟ್ಟು ಹಸಿ ಮರಕ್ಕೇ ಬಣ್ಣ ಕೊಟ್ಟರೆ ಮರ ಒಣಗುತ್ತಾ ಬಿರಿಯುತ್ತದೆ, ಅರಗು ಹಕ್ಕಳೆ ಎದ್ದು ಉದುರುತ್ತದೆ.

ಇದನ್ನು ನನಗೆ ಕಲಿಸಿದ್ದು ಆಪಾ. ನನಗಿಂತ ಹದಿನೈದು ವರ್ಷ ದೊಡ್ಡವರು, ಕಾರ್ಖಾನೆಯಲ್ಲಿ ಪಾಲಿಷ್ ಕೆಲಸ. ಆಪಾ ಎಂದರೆ ಅವರ ಮಾತಿನಲ್ಲಿ ಅಕ್ಕ. ನನ್ನ ಮೇಜು ಅವರ ಲೇತಿನಿಂದ ಆರಡಿ ದೂರ. ನನ್ನ ಬುತ್ತಿಯ ಮುದ್ದೆ ಅವರಿಗೆ, ಅವರ ಬುತ್ತಿಯ ಚಪಾತಿ ನನಗೆ. ಸಂಬಳ ಬಟವಾಡೆಯ ದಿನ ಚೀಟಿ ದುಡ್ಡಿಗೆ ಒಬ್ಬರಿಗೊಬ್ಬರು ಆಸರೆ. ನಮ್ಮ ಗೆಳೆತನಕ್ಕೆ ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಮದುವೆಯಾಗಿ ಏಳು ವರ್ಷ ನನಗೆ ಮಕ್ಕಳಾಗಲಿಲ್ಲ. ಚನ್ನಪಟ್ಟಣದಿಂದ ಮೈಸೂರಿನ ಕಡೆ ಹೊರಟರೆ ಸ್ವಲ್ಪ ದೂರದಲ್ಲೇ ದೊಡ್ಡಮಳೂರು. ಅಲ್ಲಿನ ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ, ಕೈಯಲ್ಲಿ ಬೆಣ್ಣೆ ಹಿಡಿದು ತೆವಳುವ ಕೂಸು. ಮಕ್ಕಳಿಲ್ಲದವರು ಅವನಿಗೆ ಬೆಣ್ಣೆ ಕೊಡುತ್ತಾರೆ, ಪುಟ್ಟ ತೊಟ್ಟಿಲು ಒಪ್ಪಿಸುತ್ತಾರೆ. ಪುರಂದರದಾಸರು ‘ಜಗದೋದ್ಧಾರನ’ ಕೃತಿಯನ್ನು ರಚಿಸಿದ್ದು ಇದೇ ಕೃಷ್ಣನೆದುರು ಎಂಬ ನಂಬಿಕೆ ನಮ್ಮೂರಲ್ಲಿ ಗಟ್ಟಿಯಾಗಿದೆ. ನಾನೂ ಹರಕೆ ಹೊತ್ತೆ: ಮಗು ಮಡಿಲಿಗೆ ಬಂದರೆ ನಮ್ಮ ಕಾರ್ಖಾನೆಯಲ್ಲೇ ಮಾಡಿಸಿದ ಅರಗಿನ ತೊಟ್ಟಿಲು ತಂದೊಪ್ಪಿಸುತ್ತೇನೆ. ಅದಕ್ಕೆ ಬಣ್ಣ ಕೊಡುವುದು ತಾವೇ ಎಂದು ಆಪಾ ಅಂದೇ ಮಾತು ಕೊಟ್ಟರು. ನಮ್ಮೂರಲ್ಲಿ ಇದು ಯಾರಿಗೂ ವಿಶೇಷವೆನಿಸದು. ದೇವರ ಮನೆಗೆ ಹೋಗುವ ಎಷ್ಟೋ ಸಾಮಾನು ಮೊದಲು ಸಾಬರ ಲೇತಿನ ಮೇಲೇ ತಿರುಗಿರುತ್ತದೆ.

ಎದೆಗೆ ಕಟ್ಟಿಕೊಂಡ ಮಗು

2019ರ ಜನವರಿಯಲ್ಲಿ ಮಗಳು ಹುಟ್ಟಿದಳು. ಮೂವತ್ನಾಲ್ಕು ವಾರಕ್ಕೇ ಬಂದುಬಿಟ್ಟಳು. ತೂಕ 1 ಕಿಲೊ 700 ಗ್ರಾಂ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹದಿನಾರು ದಿನ ಅವಳು ಗಾಜಿನ ಪೆಟ್ಟಿಗೆಯ ಒಳಗೆ, ನಾನು ಹೊರಗೆ. ನಾಲ್ಕನೆಯ ದಿನ ನರ್ಸಮ್ಮ ನನ್ನನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ಮಗುವನ್ನು ಬರೀ ಲಂಗೋಟಿ ಟೋಪಿಯಲ್ಲಿ ನನ್ನ ಎದೆಗೆ ಒರಗಿಸಿ, ಮೇಲಿಂದ ಬಟ್ಟೆ ಸುತ್ತಿ ಕಟ್ಟಿದರು. ಕಾಂಗರೂ ಆರೈಕೆ ಎಂದರೆ ಇದೇ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಮಕ್ಕಳು ಸಾಯುತ್ತಿದ್ದಾಗ ಎಡ್ಗರ್ ರೇ ಎಂಬ ವೈದ್ಯರು ತಾಯಿಯ ಮೈಯ ಶಾಖವನ್ನೇ ನೆಚ್ಚಿಕೊಂಡು ಶುರುಮಾಡಿದ ಪದ್ಧತಿ. ಬಡವರ ಆಸ್ಪತ್ರೆಯ ಉಪಾಯ ಎಂದು ಹಗುರವಾಗಿ ಕಾಣುತ್ತಿದ್ದವರೂ ಈಗ ಒಪ್ಪಿದ್ದಾರೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1 ಕಿಲೊದಿಂದ 1.8 ಕಿಲೊ ಒಳಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಕೊಟ್ಟಾಗ, ಮಗು ಸುಧಾರಿಸಲಿ ಎಂದು ಕಾದು ಆಮೇಲೆ ಕೊಡುವುದಕ್ಕಿಂತ, ಮೊದಲ 28 ದಿನಗಳ ಸಾವು ಕಾಲು ಭಾಗದಷ್ಟು ಕಡಿಮೆಯಾಗಿತ್ತು.

ನನ್ನ ಮಗಳೂ ಚೇತರಿಸಿಕೊಂಡಳು. ದಿನಕ್ಕೆ ಹತ್ತು ಗ್ರಾಂ, ಹದಿನೈದು ಗ್ರಾಂ. ಅದನ್ನೆಲ್ಲ ನೋಟುಬುಕ್ಕಿನಲ್ಲಿ ಗೆರೆ ಎಳೆದು ಬರೆದಿಟ್ಟೆ. ಬರೆಯದೆ ಬಿಟ್ಟದ್ದು ಒಂದು. ಎದೆಯ ಮೇಲೆ ಅವಳ ಹೃದಯ ಹಕ್ಕಿಮರಿಯ ಹಾಗೆ ಬಡಿದುಕೊಳ್ಳುತ್ತಿದ್ದಾಗ ನನ್ನೊಳಗೆ ಏನೂ ಆಗುತ್ತಿರಲಿಲ್ಲ. ಏಳು ವರ್ಷ ಬೇಡಿಕೊಂಡ ಮಗು. ಪಕ್ಕದ ಕುರ್ಚಿಯ ಹುಡುಗಿ ತನ್ನ ಕೂಸಿನ ನೆತ್ತಿ ಮೂಸಿ ನಗುತ್ತಿದ್ದಳು. ನಾನು ಗಡಿಯಾರ ನೋಡುತ್ತಿದ್ದೆ. ಬೇರೆಯವರ ಮನೆಯ ಮಗುವನ್ನು ಸ್ವಲ್ಪ ಹೊತ್ತು ಎತ್ತಿಕೊಂಡು ಕೂತ ಹಾಗೆ, ಇನ್ನೇನು ಅದರ ತಾಯಿ ಬಂದು ಕೇಳುತ್ತಾಳೆ ಎಂಬಂತೆ.

ನಲವತ್ತು ದಿನದ ರಜ

ನನಗೆ ತಾಯಿಯಿಲ್ಲ. ಬಾಣಂತನ ಗಂಡನ ಮನೆಯಲ್ಲೇ ಆಯಿತು. ಅತ್ತೆಯನ್ನು ದೂರಿದರೆ ನಾಲಗೆಗೆ ಹುಳ ಬೀಳುತ್ತದೆ. ಬೆಳಗಿನ ಜಾವ ನಾಲ್ಕಕ್ಕೆದ್ದು ಹಂಡೆಗೆ ಉರಿ ಹಾಕುವರು, ಎಣ್ಣೆ ತೀಡಿ ಎರೆಯುವರು, ಸಾಂಬ್ರಾಣಿ ಹೊಗೆ ಕೊಟ್ಟು, ಕಿವಿಗೆ ಹತ್ತಿ ಇಟ್ಟು, ಹೊಟ್ಟೆಗೆ ಹಳೆಯ ಸೀರೆ ಬಿಗಿದು ಮಲಗಿಸುವರು. ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಕೊಬ್ಬರಿ. ನನ್ನ ಮೈಗೆ ಬೇಕಾದ್ದೆಲ್ಲ ಆ ಮನೆಯಲ್ಲಿತ್ತು. ಮಗು ಮಲಗಿದಾಗಲೂ ನನಗೆ ನಿದ್ದೆ ಬರುತ್ತಿರಲಿಲ್ಲ. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು, ಮತ್ತೆ ನೋಟುಬುಕ್ಕು. ಎಷ್ಟು ಗಂಟೆಗೆ ಹಾಲು, ಎಷ್ಟು ಸಲ ಉಚ್ಚೆ, ಎಷ್ಟು ನಿಮಿಷ ಅಳು. ಅತ್ತರೆ ಅತ್ತೆ ಗಾಬರಿಯಾಗುವರು: “ಹರಕೆ ಹೊತ್ತು ಪಡ್ದಿರೋ ಕೂಸು ಕಣವ್ವ. ಹಂಗೆಲ್ಲ ಅಳ್ಬಾರ್ದು. ದೇವ್ರು ಮುನ್ಸ್ಕತಾನೆ.”

ಆ ಮಾತು ಎದೆಗೆ ಇಳಿಯಿತು. ಕೇಳಿದ್ದನ್ನು ಕೊಟ್ಟ ದೇವರ ಮುಂದೆ ನಾನು ಕೃತಘ್ನೆ. ಕೈಮುಗಿದು ತಪ್ಪಾಯಿತು ಎನ್ನೋಣವೆಂದರೆ ದೇವರ ಮನೆಯ ಹೊಸ್ತಿಲು ನನಗಿಲ್ಲ. ಹನ್ನೊಂದು ದಿನದ ಸೂತಕ ಕಳೆದರೂ ನಮ್ಮ ಮನೆಯಲ್ಲಿ ನಲವತ್ತು ದಿನದವರೆಗೆ ಬಾಣಂತಿ ದೀಪ ಮುಟ್ಟುವಂತಿಲ್ಲ. ಬೇಕಾದ ಹೊತ್ತಿನಲ್ಲೇ ಬಾಗಿಲು ಹಾಕಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ಲೆಕ್ಕದ ಪ್ರಕಾರ ಬರುತ್ತಿದ್ದರು. ಸರ್ಕಾರದ ನಿಯಮದಂತೆ ಹೆರಿಗೆಯಾದ ಮೇಲೆ 3, 7, 14, 21, 28, 42ನೆಯ ದಿನಗಳಂದು ನವಜಾತ ಶಿಶುವನ್ನು ಮನೆಯಲ್ಲೇ ಬಂದು ನೋಡಬೇಕು. ಮಗುವಿನ ತೂಕ, ಜ್ವರ, ಹೊಕ್ಕುಳು ಎಲ್ಲ ನೋಡಿ ಬರೆದುಕೊಂಡು ಹೋಗುವರು. ತಪಾಸಣೆಗೆ ಹೋದಾಗ ಡಾಕ್ಟರಮ್ಮ ಹೊಲಿಗೆ ನೋಡಿದರು, ಮಗುವಿನ ತೂಕ ನೋಡಿದರು, “ಎಲ್ಲಾ ನಾರ್ಮಲ್” ಎಂದರು. ನಿದ್ದೆ ಬರುತ್ತಿಲ್ಲ ಎಂದೆ. ಮಗು ಹೆತ್ತವರಿಗೆ ಯಾರಿಗಮ್ಮ ನಿದ್ದೆ ಬರುತ್ತೆ ಎಂದು ನಕ್ಕರು. ನಾನೂ ನಕ್ಕೆ.

ಮೂವತ್ತನೆಯ ದಿನವೋ ಏನೋ ಆಪಾ ಬಂದರು. ಬಂದವರೆಲ್ಲ ಮೊದಲು ತೊಟ್ಟಿಲಿಗೆ ಬಗ್ಗುತ್ತಿದ್ದರು. ಇವರು ಚಪ್ಪಲಿ ಬಿಟ್ಟವರೇ ನನ್ನ ಮಂಚದ ತುದಿಗೆ ಕೂತು, ಮುಖ ನೋಡಿ, “ಉಂಡ್ಯಾ?” ಎಂದರು. ಹೂಂ ಎಂದೆ. “ರುಚಿ ಗೊತ್ತಾಯ್ತಾ?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಿಂಗಳಿಂದ ತಿಂದದ್ದು ಯಾವುದರ ರುಚಿಯೂ ನನಗೆ ತಿಳಿದಿರಲಿಲ್ಲ.

ಸುಮ್ಮನಿರಲಾರದೆ ದೇವರ ಮನೆಯ ವಿಷಯ ಎತ್ತಿದೆ. ಪ್ರಾರ್ಥನೆ ಮಾಡುವುದಕ್ಕೂ ಆಗುತ್ತಿಲ್ಲ ಆಪಾ, ಮೈಲಿಗೆ ಅಂತ ದೂರ ಇಟ್ಟಿದ್ದಾರೆ ಎಂದೆ. ಆಪಾಗೆ ಅದು ವಿಚಿತ್ರವಾಗಿ ಕಂಡಿತು. “ನಮ್ಮಲ್ಲೂ ನಲವತ್ತು ದಿನ ನಮಾಜಿಲ್ಲ. ಆದ್ರೆ ನಮ್ಮಮ್ಮ ಅದನ್ನ ಮೈಲಿಗೆ ಅಂತ ಹೇಳ್ಕೊಡ್ಲಿಲ್ಲ. ಮಾಫ್ ಅಂತ ಹೇಳ್ಕೊಟ್ರು. ದೇವ್ರು ರಜ ಕೊಟ್ಟವ್ನೆ. ನೀನು ಮಲಗು, ನನ್ನ ಕೆಲಸ ಆಮೇಲೆ ಮಾಡುವಂತೆ ಅಂತ. ಬಿಟ್ಟ ನಮಾಜನ್ನ ಆಮೇಲೆ ತೀರಿಸೋ ಹಂಗೂ ಇಲ್ಲ.”

ಲೆಕ್ಕ ಬರೆಯುವವಳಿಗೆ ಆ ಕೊನೆಯ ಮಾತು ಥಟ್ಟನೆ ನಾಟಿತು. ತೀರಿಸುವ ಹಾಗಿಲ್ಲ ಎಂದರೆ ಬಾಕಿ ಮನ್ನಾ. ನಮ್ಮ ಧರ್ಮದಲ್ಲಿ ಹಾಗಿದೆಯೋ ಇಲ್ಲವೋ ನಾನು ಯಾವ ಶಾಸ್ತ್ರಿಗಳನ್ನೂ ಕೇಳಲು ಹೋಗಲಿಲ್ಲ. ಅದೇ ಹೊಸ್ತಿಲು, ಅದೇ ನಲವತ್ತು ದಿನ. ಒಬ್ಬ ಹೆಂಗಸಿಗೆ ಅದು ಹಾಕಿದ ಬಾಗಿಲು, ಇನ್ನೊಬ್ಬಳಿಗೆ ಕೊಟ್ಟ ರಜ. ಅಂದು ರಾತ್ರಿ ಮೊದಲ ಸಲ ಎರಡು ಗಂಟೆ ನಿದ್ದೆ ಮಾಡಿದೆ.

“ನನಗೆ ಮಂಗಳವಾರ ಇರಲಿಲ್ಲ”

ಹಾಗೆಂದು ಒಂದು ಒಳ್ಳೆಯ ಮಾತಿಗೆ ಎಲ್ಲ ಸರಿಹೋಗಲಿಲ್ಲ. ನಲವತ್ತು ದಿನ ಕಳೆದ ಮೇಲೆ ಇನ್ನೂ ಕೆಟ್ಟಿತು. ನಾನಿಲ್ಲದಿದ್ದರೆ ಈ ಮಗು ಚೆನ್ನಾಗಿರುತ್ತದೆ ಎಂಬ ಯೋಚನೆ ಬರತೊಡಗಿತು. ಅದು ಅಳುತ್ತಾ ಬರುತ್ತಿರಲಿಲ್ಲ, ಲೆಕ್ಕ ಹಾಕಿದ ಹಾಗೆ ತಣ್ಣಗೆ ಬರುತ್ತಿತ್ತು. ಇದೆಲ್ಲ ಹರಕೆ ಬಾಕಿ ಇಟ್ಟ ಫಲ ಎನಿಸಿತು. ಗಂಡನ ಫೋನಿನಿಂದ ಆಪಾಗೆ ಕರೆ ಮಾಡಿ, ನಾಳೆಯೇ ತೊಟ್ಟಿಲು ಬೇಕು, ಎಷ್ಟಾದರೂ ಆಗಲಿ ಎಂದೆ.

ಆಪಾ ತೊಟ್ಟಿಲು ತರಲಿಲ್ಲ, ತಾವೇ ಬಂದರು. “ತೊಟ್ಟಿಲಿಗೆ ಅಂತ ತೆಗೆದಿಟ್ಟಿರೋ ಮರ ಇನ್ನೂ ಹಸಿ. ಹಸಿ ಮರಕ್ಕೆ ಅರಗು ಹಿಡಿಯೋಲ್ಲ, ನಿಂಗೇ ಗೊತ್ತು. ಇವತ್ತು ಬಳಿದುಕೊಟ್ರೆ ನಾಳೆ ಉದುರತ್ತೆ. ದೇವ್ರಿಗೆ ಉದುರೋ ಬಣ್ಣ ಕೊಡ್ತೀಯ?” ಎಂದರು. ನಾನು ರೇಗಿದೆ. ಬೇರೆ ಅಂಗಡಿಯಲ್ಲಿ ಸಿದ್ಧ ತೊಟ್ಟಿಲು ಸಾಲು ಸಾಲು ತೂಗುಹಾಕಿದ್ದಾರೆ, ಅಲ್ಲೇ ಕೊಳ್ಳುತ್ತೇನೆ ಎಂದೆ. ರೇಗುತ್ತಾ ರೇಗುತ್ತಾ ಆ ತಣ್ಣಗಿನ ಯೋಚನೆಯೂ ಬಾಯಿಂದ ಬಂದುಬಿಟ್ಟಿತು.

ಆಪಾ ಶಾಂತಂ ಪಾಪಂ ಎನ್ನಲಿಲ್ಲ, ಬೈಯಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ ಬಂದು, ತಮ್ಮ ಎರಡನೆಯ ಮಗುವಿನ ಕಥೆ ಹೇಳಿದರು. ಹೆತ್ತ ಎರಡು ತಿಂಗಳಿಗೆ ಅವರಿಗೂ ಹೀಗೇ ಆಗಿತ್ತು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು, ದರ್ಗಾಕ್ಕೆ ಕರೆದುಕೊಂಡು ಹೋದರು. ಮಗುವನ್ನು ನಾಲ್ಕು ತಿಂಗಳು ಅವರಮ್ಮ ಸಾಕಿದರು. ಒಂದು ವರ್ಷಕ್ಕೆ ತಾನಾಗಿ ಸರಿಹೋಯಿತು. “ಆ ಮಗ ಇವತ್ತಿಗೂ ಅಜ್ಜಿನೇ ಅಮ್ಮ ಅಂತಾನೆ. ನಂಗೆ ಆಗ ಮಂಗಳವಾರ ಇರ್ಲಿಲ್ಲ ಕಣೆ. ನಿಂಗಿದೆ.”

ಮಂಗಳವಾರ ಎಂದರೆ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುವ ದಿನ. ಕರ್ನಾಟಕ ಸರ್ಕಾರ 2014ರಲ್ಲಿ ಶುರುಮಾಡಿದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುತ್ತಾರೆ. ಆಪಾಗೆ ಇದು ಗೊತ್ತಿದ್ದುದು ಅವರ ತಮ್ಮನ ಕುಡಿತದ ಚಿಕಿತ್ಸೆಯಿಂದ. ಮನೆಯಲ್ಲಿ ಏನು ಹೇಳುವುದು? ಮಂಗಳವಾರ ದೇವಿಯ ದಿನವೂ ಹೌದಲ್ಲ. ದೇವಸ್ಥಾನಕ್ಕೆ ಎಂದು ಹೇಳಿ ಹೊರಟೆವು. ಅತ್ತೆ ಮಗುವಿನ ಹಣೆಗೆ ಕಾಡಿಗೆ ಬೊಟ್ಟಿಟ್ಟು ಕಳಿಸಿದರು. ದೇವರ ಹೆಸರಿನಲ್ಲಿ ನಾನು ಹೇಳಿದ ಸುಳ್ಳು ಅದೊಂದೇ.

ಹತ್ತು ಪ್ರಶ್ನೆ, ಮೂವತ್ತು ಅಂಕ

ಅಲ್ಲಿ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಕನ್ನಡದಲ್ಲೇ ಇತ್ತು. ಕಳೆದ ಏಳು ದಿನಗಳಲ್ಲಿ ಹೇಗನ್ನಿಸಿದೆ ಎಂಬ ಹತ್ತು ಪ್ರಶ್ನೆ. ನಗಲು ಸಾಧ್ಯವಾಯಿತೆ, ಕಾರಣವಿಲ್ಲದೆ ನಿಮ್ಮನ್ನೇ ನೀವು ದೂಷಿಸಿಕೊಂಡಿರೆ, ಈ ರೀತಿ. ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು ಮೂವತ್ತು. ಇದಕ್ಕೆ ಎಡಿನ್‌ಬರೋ ಮಾಪನ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ 1987ರಲ್ಲಿ ತಯಾರಾದದ್ದು, ಈಗ ಜಗತ್ತಿನ ಹಲವಾರು ಭಾಷೆಗಳಲ್ಲಿದೆ. ತುಂಬಲು ಐದು ನಿಮಿಷ ಸಾಕು. ಕೊನೆಯ ಪ್ರಶ್ನೆ ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನನಗೆ ಒಟ್ಟು ಮೊತ್ತ ಹಾಕುವುದು ಬೇಡವೆನಿಸಿತು. ಡಾಕ್ಟರೇ ಕೂಡಿದರು: ಇಪ್ಪತ್ತೊಂದು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ, ಎಷ್ಟೋ ಮನೆಗಳಲ್ಲಿ ಇದು ಬೇಕಾಗಿರುವುದರಿಂದ. ಬಸುರಿನಲ್ಲಿ ತುಂಬಾ ಏರಿದ್ದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಹೆರಿಗೆಯಾದ ಕೆಲವೇ ದಿನಗಳಲ್ಲಿ ಧೊಪ್ಪನೆ ಇಳಿಯುತ್ತವೆ. ಅದರ ಜೊತೆ ನಿದ್ದೆಗೇಡು, ನೋವು. ಹೀಗಾಗಿ ಮೂರನೆಯ ನಾಲ್ಕನೆಯ ದಿನದಿಂದ ಸುಮ್ಮಸುಮ್ಮನೆ ಅಳು ಬರುವುದು ಬಹುಪಾಲು ಬಾಣಂತಿಯರಲ್ಲಿ ಸಹಜ. ಎರಡು ವಾರದೊಳಗೆ ಅದು ತಾನೇ ಕಳೆಯುತ್ತದೆ. ಎರಡು ವಾರ ದಾಟಿದರೂ ಬಿಡದೆ, ನಿದ್ದೆ ರುಚಿ ಆಸೆ ಎಲ್ಲ ಹೋಗಿ, ನಾನು ಕೆಟ್ಟ ತಾಯಿ ಎಂಬ ಕೊರಗು ಕೂತುಬಿಟ್ಟರೆ ಅದು ಖಿನ್ನತೆ, ಚಿಕಿತ್ಸೆ ಬೇಕಾದ ಕಾಯಿಲೆ. ಅಪರೂಪಕ್ಕೆ, ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ, ಇಲ್ಲದ್ದು ಕಾಣುವ, ಇಲ್ಲದ ದನಿ ಕೇಳುವ, ಮಾತು ಹಿಡಿತ ತಪ್ಪುವ ಸ್ಥಿತಿ ಬರುತ್ತದೆ. ಅದು ತುರ್ತು. ಅಂದೇ ಆಸ್ಪತ್ರೆಗೆ ಸೇರಿಸಬೇಕು. ತಾಯಿ ಮಗುವನ್ನು ಬೇರೆ ಮಾಡದೆ ಜೊತೆಯಲ್ಲೇ ದಾಖಲಿಸಿಕೊಳ್ಳುವ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ.

ನಾನೊಬ್ಬಳೇ ಹೀಗೆ ಎಂದುಕೊಂಡಿದ್ದೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕವನ್ನು ಒಟ್ಟುಗೂಡಿಸಿ, ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟಿಸಿದ ವರದಿ ಹೇಳುವಂತೆ, ಬಾಣಂತಿ ಖಿನ್ನತೆ ಇರುವವರು ಶೇ. 22. ಐವರಲ್ಲಿ ಒಬ್ಬರು. ನಮ್ಮ ಬೀದಿಯ ಮನೆಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಯಾವ ಮನೆಯಲ್ಲೂ ಈ ಮಾತು ಕೇಳಿದ ನೆನಪಿಲ್ಲ. ಗಾಳಿ, ದೃಷ್ಟಿ, ಸೊಕ್ಕು, ತವರಿನ ಸಲಿಗೆ ಎಂಬ ಹೆಸರುಗಳಲ್ಲಿ ಕೇಳಿದ್ದೆ.

ಮಾತ್ರೆ ಬರೆದುಕೊಟ್ಟರು. ಎದೆಹಾಲು ನಿಲ್ಲಿಸಬೇಕೇ ಎಂಬುದೇ ನನ್ನ ಮೊದಲ ಪ್ರಶ್ನೆ. ಹಾಲೂಡಿಸುವ ತಾಯಂದಿರಿಗೂ ಕೊಡಬಹುದಾದ ಮಾತ್ರೆಗಳಿವೆ, ಅದನ್ನೇ ಕೊಟ್ಟಿದ್ದೇನೆ ಎಂದರು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಚೆನ್ನಾಗಿದೆ ಎಂದು ನೀವಾಗಿಯೇ ನಿಲ್ಲಿಸಬೇಡಿ ಎಂದರು. ಈಗ ಮಂಗಳವಾರದ ತನಕವೂ ಕಾಯಬೇಕಿಲ್ಲ. 2022ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಸಖಿ

ಮಾತ್ರೆಯ ಕೆಲಸ ಮಾತ್ರೆ ಮಾಡಿತು. ಅದರ ಪಾಲನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಇನ್ನರ್ಧ ಕೆಲಸ ಮಾಡಿದ್ದು ಆಪಾ, ಅದೂ ದೊಡ್ಡ ಮಾತುಗಳಿಂದಲ್ಲ. ಭಾನುವಾರ ಮಧ್ಯಾಹ್ನ ಬಂದು ಮಗುವನ್ನು ಎತ್ತಿಕೊಂಡು ಆಚೆ ಹೋಗುವರು, ಮೂರು ಗಂಟೆ ನನಗೆ ನಿದ್ದೆ. ನನ್ನ ನೋಟುಬುಕ್ಕು ಕಿತ್ತುಕೊಂಡು, “ದಿನಕ್ಕೆ ಒಂದೇ ಸಾಲು. ಅದೂ ಮಗಳು ಮಾಡಿದ ಒಂದು ಹೊಸಾದು” ಎಂದು ನಿಯಮ ಹಾಕಿದರು. ಮೊದಲ ದಿನ ಬರೆದದ್ದು: ‘ಸೀನಿದಳು. ತಾನೇ ಹೆದರಿದಳು.’ ಅದನ್ನು ಬರೆಯುವಾಗ ನಗು ಬಂತು. ನಗು ಬಂದದ್ದಕ್ಕೆ ಅಳು ಬಂತು.

ಆಪಾ ಮಾಡಿದ್ದಕ್ಕೆ ವೈದ್ಯಕೀಯದಲ್ಲಿ ಒಂದು ಹೆಸರಿದೆ ಎಂದು ಬಹಳ ದಿನದ ಮೇಲೆ ತಿಳಿಯಿತು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಅತಿಫ್ ರೆಹಮಾನ್ ಎಂಬ ಮನೋವೈದ್ಯರ ತಂಡ ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರಿಗೇ ತರಬೇತಿ ಕೊಟ್ಟು ಬಾಣಂತಿಯರ ಮನೆಗೆ ಕಳಿಸಿತು. ಖಿನ್ನತೆ ಅರ್ಧಕ್ಕರ್ಧ ಇಳಿದದ್ದನ್ನು 2008ರಲ್ಲಿ ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಕೈಪಿಡಿ ಮಾಡಿತು. ಆಮೇಲೆ ಗೋವಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರೋಗ್ಯ ಕಾರ್ಯಕರ್ತೆಯೂ ಅಲ್ಲದ, ಅದೇ ಊರಿನ, ಮಕ್ಕಳನ್ನು ಹೆತ್ತ ಸಾಮಾನ್ಯ ಹೆಂಗಸರಿಗೆ ಕಲಿಸಿ 280 ಗರ್ಭಿಣಿಯರ ಅಧ್ಯಯನದಲ್ಲಿ ಪ್ರಯೋಗ ಮಾಡಿದರು. ಲಾಭ ದೊಡ್ಡದೇನಲ್ಲ, ಆದರೆ ಇತ್ತು ಎಂದು 2019ರ ವರದಿ ಹೇಳಿತು. ಅಲ್ಲಿ ಆ ಹೆಂಗಸರಿಗೆ ಇಟ್ಟ ಹೆಸರು ‘ಸಖಿ’. ನಾನು ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಆಪಾ ಪಕ್ಕ ಕೂತದ್ದೂ ಅದೇ ವರ್ಷ.

ಆಪಾ ನನಗೆ ಹೇಳಿಕೊಟ್ಟದ್ದರಲ್ಲಿ ಕಷ್ಟವಾದದ್ದು ಒಂದೇ: ಕೇಳುವುದು. ಗಂಡನನ್ನು ಕೂರಿಸಿಕೊಂಡು, ರಾತ್ರಿ ಎರಡು ಗಂಟೆಯ ಅಳು ನಿಮ್ಮದು ಎಂದೆ. ಆತ ಒಪ್ಪಿದ. ಯಾರೂ ಕೇಳಿರಲಿಲ್ಲ ಅಷ್ಟೆ. ಅತ್ತೆಗೆ ಮಂಗಳವಾರದ ಸುಳ್ಳನ್ನು ಒಪ್ಪಿಕೊಂಡೆ. ಅವರು ಒಂದು ಇಡೀ ದಿನ ಮಾತಾಡಲಿಲ್ಲ. ಮರುದಿನ ತಲೆಗೆ ಎಣ್ಣೆ ಹಚ್ಚುತ್ತಾ, “ನಮ್ ಕಾಲ್ದಲ್ಲಿ ನಂಗೂ ಬಾವಿ ನೋಡುದ್ರೆ ಹೆದ್ರಿಕೆ ಆಯ್ತಿತ್ತು. ಯಾರ್‌ತಾವ ಹೇಳನ” ಎಂದರು. ಬಾಣಂತಿ ಅಳಬಾರದು ಎಂದು ಅವರು ಯಾಕೆ ಅಷ್ಟು ಗದರುತ್ತಿದ್ದರು ಎಂಬುದು ಆಗ ಹೊಳೆಯಿತು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಭಯವಿತ್ತು.

ಕೆಲಸದ ವಿಷಯ ಒಂದು ಮಾತು. ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ ತಿದ್ದುಪಡಿ 2017ರಲ್ಲಿ ಬಂತು. ಆದರೆ ಅಂಗಡಿ, ಸಣ್ಣ ಘಟಕಗಳಲ್ಲಿ ಹತ್ತು ಜನ ಕೆಲಸಗಾರರಾದರೂ ಇದ್ದರೆ ಮಾತ್ರ ಅದು ಅನ್ವಯ. ನಮ್ಮಲ್ಲಿದ್ದದ್ದು ಎಂಟು ಜನ. ನನ್ನ ರಜೆಯ ಲೆಕ್ಕವನ್ನು ನಾನೇ ಬರೆದೆ: ಸಂಬಳ ಸೊನ್ನೆ. ಆರು ತಿಂಗಳ ಮೇಲೆ ಮಗುವನ್ನು ಅತ್ತೆಯ ಕೈಗಿತ್ತು ಕೆಲಸಕ್ಕೆ ಮರಳಿದೆ.

ತೊಟ್ಟಿಲು

ಮರ ಒಣಗಿತು. ಮೇ ತಿಂಗಳಲ್ಲಿ, ರಂಜಾನಿನ ಉಪವಾಸದ ನಡುವೆಯೇ, ಆಪಾ ತೊಟ್ಟಿಲಿಗೆ ಅರಿಶಿನದ ಹಳದಿಯೂ ಕೆಂಪೂ ಕೊಟ್ಟು, ತಾಳೆಗರಿಯಲ್ಲಿ ತಿಕ್ಕಿ ಮುಗಿಸಿದರು. ದೊಡ್ಡಮಳೂರಿಗೆ ನಾನು, ಗಂಡ, ಅತ್ತೆ, ಮಗಳು ಹೋದೆವು. ಆಪಾ ಹೊರಗೆ ಮರದ ನೆರಳಿನಲ್ಲಿ ಕೂತಿದ್ದರು, ಬಾಯಿಗೆ ಹನಿ ನೀರಿಲ್ಲದೆ.

ಒಳಗೆ ಅಂಬೆಗಾಲು ಕೃಷ್ಣನ ಮುಂದೆ ನಿಂತಾಗ ನನಗೆ ಹೊಸದಾಗಿ ಕಂಡದ್ದು ಅವನಲ್ಲ, ಅಲ್ಲಿ ಇಲ್ಲದ ಯಶೋದೆ. ಹೆತ್ತದ್ದು ದೇವಕಿ. ಯಶೋದೆ ತಾಯಿಯಾದದ್ದು ದಿನದಿನದ ಕೆಲಸದಿಂದ, ಹಾಲು ಕಾಯಿಸಿ, ಬೆಣ್ಣೆ ಬಚ್ಚಿಟ್ಟು, ಗದರಿ, ಹುಡುಕಿ. ಗೋಕುಲದಲ್ಲಿ ಅವಳ ಸುತ್ತ ಅಷ್ಟು ಜನ ಗೋಪಿಯರಿದ್ದರು, ದಿನವೂ ದೂರು ಹೊತ್ತು ಮನೆಗೆ ಬರುತ್ತಿದ್ದರು. ಅವಳು ಒಬ್ಬಳೇ ಇರಲಿಲ್ಲ. ಹೆತ್ತ ದಿನವೇ ಎದೆಯಲ್ಲಿ ಮಮತೆ ಉಕ್ಕಲಿಲ್ಲವೆಂದು ನಾನು ನನ್ನನ್ನು ಶಿಕ್ಷಿಸಿಕೊಂಡಿದ್ದೆ. ಮಮತೆ ಬಂದದ್ದು ಸಾಲು ಸಾಲಾಗಿ, ದಿನಕ್ಕೊಂದರಂತೆ, ನೋಟುಬುಕ್ಕಿನಲ್ಲಿ. ದೇವರು ಕೇಳಿದ್ದನ್ನು ಕೊಟ್ಟನೆಂಬ ನಂಬಿಕೆ ನನಗೆ ಮೊದಲೂ ಇತ್ತು. ಅವನು ಸಾಲಗಾರನಂತೆ ಬಾಗಿಲಲ್ಲಿ ಕಾದು ನಿಂತಿಲ್ಲ ಎಂಬುದು ಹೊಸ ನಂಬಿಕೆ. ಅದನ್ನು ಕೊಟ್ಟವರು ಹೊರಗೆ ನೆರಳಲ್ಲಿ ಕೂತಿದ್ದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆಂದವಿತ್ತು. ಹೋದ ವರ್ಷ ಆಪಾ ಮನೆಯಲ್ಲಿ ಸೊಸೆಗೆ ಹೆರಿಗೆಯಾಯಿತು. ಅದೇ ಎರಡನೆಯ ಮಗನ ಹೆಂಡತಿ. ನೋಡಲು ಹೋದೆ. ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ತಟ್ಟೆಯಲ್ಲಿ ಊಟ ಹಾಗೇ ಇತ್ತು. ಆಪಾ ಅಡುಗೆಮನೆಯಿಂದಲೇ, “ಈಗಿನ ಹುಡುಗೀರಿಗೆ ಸೋಮಾರಿತನ. ಮೊಬೈಲು ಕೊಟ್ರೆ ಏಳ್ತಾಳೆ” ಎಂದರು. ನನಗೆ ಕಿವಿ ನಂಬಲಾಗಲಿಲ್ಲ. ಊರ ಬಾಣಂತಿಯ ಮುಖ ಓದಿದವರಿಗೆ ತಮ್ಮ ಮನೆಯ ಬಾಣಂತಿ ಕಾಣುತ್ತಿಲ್ಲ. ಅತ್ತೆಯ ಜಾಗದಲ್ಲಿ ನಿಂತರೆ ಎಲ್ಲರ ಕಣ್ಣಿಗೂ ಅದೇ ಪೊರೆ ಬರುತ್ತದೋ ಏನೋ.

ಆರು ವರ್ಷದ ಹಿಂದಿನ ನಾನಾಗಿದ್ದರೆ ಸುಮ್ಮನೆ ಎದ್ದು ಬರುತ್ತಿದ್ದೆ. ಅವರ ಋಣ ಅಷ್ಟಿದೆ. ಆದರೆ ಸುಮ್ಮನಿದ್ದು ತೀರಿಸುವ ಋಣವಲ್ಲ ಅದು. ಒಲೆಯ ಹತ್ತಿರ ಹೋಗಿ ನಿಂತು, “ಆಪಾ, ಮರ ಹಸಿ ಇದೆ” ಎಂದೆ.

ಅವರ ಕೈಯಲ್ಲಿದ್ದ ಸೌಟು ನಿಂತಿತು. ನನ್ನ ಮುಖ ನೋಡಲಿಲ್ಲ. ಟೀ ಕೊಡದೆ ಕಳಿಸಿದರು, ಇಷ್ಟು ವರ್ಷದಲ್ಲಿ ಮೊದಲ ಸಲ. ಕಾರ್ಖಾನೆಯಲ್ಲಿ ಐದು ದಿನ ಆರಡಿ ದೂರದಲ್ಲೇ ಕೂತು ನನ್ನೊಂದಿಗೆ ಮಾತಿಲ್ಲ. ಬುತ್ತಿ ಬಿಚ್ಚಿದಾಗ ಬೆನ್ನು ತಿರುಗಿಸುವರು. ನಾನು ಮುದ್ದೆಯನ್ನು ಒಬ್ಬಳೇ ತಿಂದೆ.

ಆರನೆಯ ದಿನ ಸಂಜೆ ಲೇತು ನಿಲ್ಲಿಸಿ, ಕೈಗೆ ಹತ್ತಿದ್ದ ಅರಗನ್ನು ಕೆರೆದು ತೆಗೆಯುತ್ತಾ, ನನ್ನ ಕಡೆ ನೋಡದೆಯೇ ಕೇಳಿದರು:

“ನಾಳೆ ಮಂಗಳವಾರ. ನೀನೂ ಬರ್ತೀಯ?”